ಐವತ್ತೈದು ಮೀಟರ್ ದಾರ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ತುಕ್ಕಾನಟ್ಟಿಯ ರೈತ ಕೇದಾರಿ ಘಟಪ್ರಭಾ ನದಿಯ ನಡುವೆ ಒಂದು ಬಂಡೆಯ ಮೇಲೆ ಒಬ್ಬನೇ ನಿಂತಿದ್ದ. ಅರ್ಧ ಗಂಟೆಯ ಹಿಂದೆ ಅವನು ನಡೆದುಕೊಂಡು ಹೋದ ದಾರಿಯ ಮೇಲೆ ಈಗ ಎದೆಯುದ್ದ ನೀರು ಹರಿಯುತ್ತಿತ್ತು.

ಅವನು ಮೋಟರ್ ಬಿಚ್ಚಲು ಹೋಗಿದ್ದ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ದಂಡೆಯ ರೈತರು ಪಂಪ್‌ಸೆಟ್ಟನ್ನು ನಡುಹೊಳೆಯ ಮಡುವಿನವರೆಗೆ ಒಯ್ದು ಕೂರಿಸುತ್ತಾರೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಬಂದ ದಿನ ಬಿಚ್ಚಿ ತರುತ್ತಾರೆ. ಜುಲೈ ತಿಂಗಳ ಆ ಭಾನುವಾರ ಬೆಳಗ್ಗೆ ಊರಿನಲ್ಲಿ ಎರಡು ಸಲ ಮೈಕಿನಲ್ಲಿ ಸಾರಿದ್ದರು. ಉಳಿದವರ ಮೋಟರುಗಳೆಲ್ಲ ಊಟದ ಹೊತ್ತಿಗೆ ದಂಡೆ ಸೇರಿದ್ದವು. ಕೇದಾರಿ ಕೇಬಲ್ಲನ್ನೂ ಪೈಪನ್ನೂ ಮೊದಲು ಬಿಚ್ಚಿ ದಂಡೆಗೆ ಎಳೆದು ಹಾಕಿದ್ದ. ಮೋಟರಿಗೆ ನಾಲ್ಕು ಬೋಲ್ಟು. ಎರಡು ಬಿಚ್ಚಿದವು. ಇನ್ನೆರಡು ತುಕ್ಕು ಹಿಡಿದಿದ್ದವು. ಅವುಗಳ ಜೊತೆ ಗುದ್ದಾಡುತ್ತ ಅವನು ಹಿಂದೆ ತಿರುಗಿ ನೋಡಲಿಲ್ಲ.

ಬಂಡೆಯ ಮೇಲೆ ಮೋಟರ್ ಕೂರುವಷ್ಟೇ ಅಗಲದ, ತೊಡೆಯೆತ್ತರದ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಗೋಣಿಚೀಲ ಹೊದ್ದ ಮೋಟರ್, ಅದರ ಪಕ್ಕದಲ್ಲಿ ಬಂಡೆಗೇ ನೆಟ್ಟ ಎದೆಯೆತ್ತರದ ಕಬ್ಬಿಣದ ಕಂಬ. ಕಂಬಕ್ಕೆ ಗೇಣಿಗೊಂದರಂತೆ ಐದು ತೂತುಗಳಿದ್ದವು. ಪೈಪಿನ ಎತ್ತರ ಹೊಂದಿಸಲು ಕೊರೆದ ತೂತುಗಳು. ಕೇದಾರಿ ಆ ಕಂಬವನ್ನು ಅಪ್ಪಿ ನಿಂತಿದ್ದ. ದಂಡೆಯಲ್ಲಿದ್ದವರು ಆ ತೂತುಗಳನ್ನೇ ಎಣಿಸುತ್ತಿದ್ದರು.

ಪಕ್ಕದ ಹೊಲದ ಲಕ್ಕಪ್ಪ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದ್ದ. ಬೋಟ್ ಹೊರಟಿದೆ, ಆದರೆ ನೇರ ರಸ್ತೆಯ ತಗ್ಗು ಸೇತುವೆ ಮುಳುಗಿದ್ದರಿಂದ ಸುತ್ತಿ ಬರಬೇಕು, ಐದು ಗಂಟೆಗಿಂತ ಮೊದಲು ಆಗುವುದಿಲ್ಲ ಎಂದು ಅವರು ತಿಳಿಸಿದ್ದರು. ಮೊದಲನೇ ತೂತು ಮುಳುಗಿದಾಗ ಲಕ್ಕಪ್ಪ ಮೊಬೈಲಿನಲ್ಲಿ ಗಂಟೆ ನೋಡಿದ. ಮೂರು ಮೂವತ್ತೈದು. ಎರಡನೆಯದು ಮುಳುಗಿದರೆ ಮೊಣಕಾಲು, ಮೂರನೆಯದು ಮುಳುಗಿದರೆ ತೊಡೆ ಎಂದು ಅವನು ಲೆಕ್ಕ ಹೇಳಿದ. ತೊಡೆಯವರೆಗೆ ನೀರು ಬಂದರೆ ಆ ಸೆಳೆತದಲ್ಲಿ ಯಾರ ಕಾಲೂ ನಿಲ್ಲುವುದಿಲ್ಲ. ಕೆಳಗೆ ಇನ್ನೂರು ಮೀಟರ್ ದೂರದಲ್ಲಿ ಬಂಡೆಗಳ ಸಾಲು ಇತ್ತು. ಈಜು ಬಂದರೂ ಅಲ್ಲಿ ಅದರಿಂದ ಉಪಯೋಗವಿರಲಿಲ್ಲ.

ಕೇದಾರಿಯ ಹೆಂಡತಿ ಉದ್ದವ್ವ ದಂಡೆಯ ಸ್ಟಾರ್ಟರ್ ಡಬ್ಬಿಯ ಬಳಿ ನಿಂತಿದ್ದಳು. ಅದು ಅವಳ ಜಾಗ. ಹದಿನೆಂಟು ವರ್ಷದಿಂದ ಅವನು ಹೊಳೆಯಲ್ಲಿ ಮೋಟರಿನ ಬಳಿ, ಅವಳು ದಂಡೆಯಲ್ಲಿ ಬಟನ್ನಿನ ಬಳಿ. ನೀರಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಾದ್ದರಿಂದ ಕೈಸನ್ನೆಯಲ್ಲೇ ಮಾತು. ಕೈ ಮೇಲೆತ್ತಿದರೆ ಚಾಲೂ ಮಾಡು. ಎರಡೂ ಕೈ ಅಡ್ಡ ಹಿಡಿದರೆ ಬಂದ್ ಮಾಡು. ಮುಷ್ಟಿ ತಿರುವಿದರೆ ಪಾನಾ, ಅಂದರೆ ಸ್ಪ್ಯಾನರ್, ಬೇಕು, ಬೋಲ್ಟು ಬಿಗಿ ಮಾಡಬೇಕು. ಒಂದು ಕೈಯನ್ನು ಇನ್ನೊಂದು ಮಣಿಕಟ್ಟಿನ ಸುತ್ತ ತಿರುಗಿಸಿದರೆ ಜಾಯಿಂಟ್ ಸೋರುತ್ತಿದೆ, ರಬ್ಬರ್ ಪಟ್ಟಿ ಸುತ್ತಬೇಕು. ಆ ದಂಡೆಯ ಪ್ರತಿ ಮನೆಯಲ್ಲೂ ಇಂಥ ಆರೇಳು ಸನ್ನೆಗಳಿವೆ. ಕೇದಾರಿ ಬಿಚ್ಚಿಟ್ಟ ಅಂಗಿ ಸ್ಟಾರ್ಟರ್ ಡಬ್ಬಿಯ ಮೇಲಿತ್ತು, ಅವನ ಫೋನು ಅದರ ಕಿಸೆಯಲ್ಲೇ ಇತ್ತು.

ಲಕ್ಕಪ್ಪನ ಬಳಿ ಹಗ್ಗವಿತ್ತು. ಮೋಟರ್ ಎಳೆಯುವ ನೈಲಾನ್ ಹಗ್ಗ, ತೊಂಬತ್ತು ಮೀಟರ್. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬೂ ಇತ್ತು. ಹಗ್ಗದ ತುದಿಗೆ ಕಲ್ಲು ಕಟ್ಟಿ ಅವನೂ ಇನ್ನಿಬ್ಬರೂ ಎಸೆದು ನೋಡಿದ್ದರು. ಇಪ್ಪತ್ತು ಮೀಟರ್ ದಾಟಲಿಲ್ಲ. ಆಗ ಅವನಿಗೆ ಮೇಲಿನ ಹಳ್ಳದ ಬಾಯಲ್ಲಿ ಬೆಳಗ್ಗೆಯಿಂದ ಗಾಳ ಹಾಕುತ್ತ ನಿಂತಿದ್ದ ಇಬ್ಬರ ನೆನಪಾಯಿತು. ಓಡಿದ.

ಆ ಇಬ್ಬರಲ್ಲಿ ಒಬ್ಬ ಖಾದರಬಾಷಾ. ಗೋಕಾಕದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ಬಲೆ, ಗಾಳ, ದಾರ ಮಾರುವವನು. ಇನ್ನೊಬ್ಬ ಕಿಶೋರ. ಊರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ, ಕೆಲಸ ಗೋಕಾಕದ ಒಂದು ಖಾಸಗಿ ರಕ್ತ ಪರೀಕ್ಷಾ ಲ್ಯಾಬಿನಲ್ಲಿ. ವಾರವಿಡೀ ಸೂಜಿ ಹಿಡಿಯುವ ಕೈ ಭಾನುವಾರ ಗಾಳದ ರಾಡ್ ಹಿಡಿಯುತ್ತಿತ್ತು. ಕೆಸರಿನಲ್ಲಿ ಅವಿತು ಕಪ್ಪೆಯ ಮೇಲೆ ಎರಗುವ ಮರಲ್ ಮೀನು ಅವನ ಹುಚ್ಚು. ಅದಕ್ಕಾಗಿ ಹಿಡಕಲ್ ಹಿನ್ನೀರಿನಿಂದ ಮೂಡಲಗಿಯ ಹಳ್ಳಗಳವರೆಗೆ ತಿರುಗುತ್ತಿದ್ದ.

ಅಂದು ಇಬ್ಬರೂ ಒಟ್ಟಿಗೆ ಬಂದದ್ದು ಒಂದು ಜಗಳ ತೀರಿಸಲು. ಬೆಳಗ್ಗೆ ಅಂಗಡಿಯಲ್ಲಿ ಕಿಶೋರ ಹೆಣೆದ ದಾರ ಕೊಂಡಿದ್ದ. ಎಲ್ಲರೂ ಅದನ್ನು ಬ್ರೇಡ್ ಎನ್ನುತ್ತಾರೆ. ತಲೆಗೂದಲಿಗಿಂತ ಸ್ವಲ್ಪ ದಪ್ಪ, ಹದಿನಾಲ್ಕು ಕಿಲೋ ತಡೆಯುತ್ತದೆ, ಹತ್ತು ಮೀಟರಿಗೊಮ್ಮೆ ಬಣ್ಣ ಬದಲಾಗುತ್ತದೆ. ಖಾದರಬಾಷಾ ಅದನ್ನು ಮಾರುತ್ತಾನೆ, ಆದರೆ ನಂಬುವುದಿಲ್ಲ. ಅವನ ನಂಬಿಕೆ ತಂಗೂಸದ ಮೇಲೆ. ದಪ್ಪ, ಹೊಳೆಯುವ, ಒಂದೇ ಎಳೆಯ ನೈಲಾನ್ ದಾರ.

"ಇದು ದಾರ ಅಲ್ಲೋ, ಚಾಕು," ಎಂದಿದ್ದ ಖಾದರಬಾಷಾ. "ಮೀನ ಹಿಡೀತಿ, ಬೆರಳ ಕಳಕೋತಿ."

"ನಿಮ್ಮ ತಂಗೂಸ ಒಗದ್ರ ಮುಂದ ಹೋಗೂದಿಲ್ಲ ಕಾಕಾ. ಸುರುಳಿ ಸುತ್ತಿ ಮನಿಗೇ ವಾಪಸ್ ಬರತೈತಿ."

"ಬರಲಿ ತಗೋ. ನಾನೂ ಮನಿಗೇ ಹೋಗಾಂವ."

ಸಂಜೆಯವರೆಗೆ ಒಬ್ಬೊಬ್ಬರು ತಮ್ಮ ತಮ್ಮ ದಾರದಲ್ಲಿ ಹಿಡಿಯುವುದು, ಯಾರದು ಹೆಚ್ಚೋ ನೋಡುವುದು ಎಂದು ಹೊರಟಿದ್ದರು. ಖಾದರಬಾಷಾನ ಬಳಿ ರಾಡ್ ಕೂಡ ಇರಲಿಲ್ಲ. ಒಂದು ಮಿಲಿಮೀಟರ್ ದಪ್ಪದ ನೂರು ಮೀಟರ್ ತಂಗೂಸವನ್ನು ಹಲಗೆಗೆ ಸುತ್ತಿಕೊಂಡು ಬಂದಿದ್ದ. ಮಧ್ಯಾಹ್ನದವರೆಗೆ ಕಿಶೋರನಿಗೆ ಎರಡು ಮೀನು, ಅವನಿಗೆ ಒಂದು.

ಲಕ್ಕಪ್ಪ ಉಸಿರು ಕಟ್ಟಿ ಹೇಳಿದ್ದನ್ನು ಕೇಳಿ ಇಬ್ಬರೂ ರಾಡ್, ಹಲಗೆ, ಗಾಳದ ಸಾಮಾನಿನ ಡಬ್ಬಿ ಎತ್ತಿಕೊಂಡು ಓಡಿದರು. ಸ್ಟಾರ್ಟರ್ ಡಬ್ಬಿಯ ಬಳಿ ಬಂದಾಗ ಮೂರು ಐವತ್ತು. ಎರಡನೇ ತೂತಿಗೂ ನೀರಿಗೂ ನಾಲ್ಕು ಬೆರಳ ಅಂತರವಿತ್ತು.

ಕಿಶೋರ ಮೊದಲು ಕೇಳಿದ್ದು ದೂರ. ನೀರಿನ ಮೇಲೆ ಕಣ್ಣಳತೆ ಮೋಸ ಮಾಡುತ್ತದೆ. ಲಕ್ಕಪ್ಪನಿಗೆ ಗೊತ್ತಿತ್ತು. ಫೆಬ್ರುವರಿಯಲ್ಲಿ ಕೇಬಲ್ ಎಳೆಯುವಾಗ ಅವನೂ ಇದ್ದ. ಅರವತ್ತು ಮೀಟರ್ ತಂದಿದ್ದರು, ಐದು ಉಳಿದಿತ್ತು.

"ಐವತ್ತೈದು," ಎಂದ ಕಿಶೋರ. ಡಬ್ಬಿಯನ್ನು ನೆಲಕ್ಕಿಟ್ಟು ತೆರೆದ.

ಯೋಜನೆಯನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ತೆಳು ದಾರ ಬಂಡೆ ಮುಟ್ಟಬೇಕು. ಅದರ ಬೆನ್ನಿಗೆ ತಂಗೂಸ, ತಂಗೂಸದ ಬೆನ್ನಿಗೆ ಹಗ್ಗ, ಹಗ್ಗದ ತುದಿಗೆ ಟ್ಯೂಬು. ತೆಳು ದಾರಕ್ಕೆ ನೇರವಾಗಿ ಹಗ್ಗ ಕಟ್ಟಿದರೆ ಹೊಳೆಯ ಸೆಳೆತಕ್ಕೆ ಅದು ತಡೆಯುವುದಿಲ್ಲ. ತಂಗೂಸವನ್ನೇ ಎಸೆಯೋಣವೆಂದರೆ ಅದು ಮೂವತ್ತು ಮೀಟರ್ ಹೋಗುವುದಿಲ್ಲ. ಇದನ್ನು ಖಾದರಬಾಷಾನೇ ಹೇಳಿದ, ಬೆಳಗಿನ ಮಾತು ಅವನಿಗೆ ನೆನಪಿದ್ದಂತೆ ತೋರಲಿಲ್ಲ.

ರಾಡಿನ ದಾರಕ್ಕೆ ಆಗಲೇ ಆಮಿಷದ ರಬ್ಬರ್ ಕಪ್ಪೆ ಕಟ್ಟಿತ್ತು. ಕಿಶೋರ ಅದನ್ನೇ ಎಸೆದ. ಹನ್ನೆರಡು ಗ್ರಾಂ ತೂಕದ ಟೊಳ್ಳು ಕಪ್ಪೆ. ಎದುರುಗಾಳಿಗೆ ಮೇಲೆದ್ದು ಬಿತ್ತು. ರೀಲಿನಿಂದ ಹೊರಗೆ ಹೋದದ್ದು ಕೆಂಪು, ಹಳದಿ, ಹಸಿರು, ಅರ್ಧ ನೀಲಿ. ಮೂವತ್ತೈದು ಮೀಟರ್.

ಅವನು ಕಪ್ಪೆಯನ್ನು ಕತ್ತರಿಸಿ ಕೆಳಗೆ ಹಾಕಿ ನಲವತ್ತು ಗ್ರಾಂ ಸೀಸದ ಗುಂಡು ತೆಗೆದ. ಖಾದರಬಾಷಾ ಬೇಡವೆಂದ. ರಾಡಿನ ಮೇಲೆ ಮೂವತ್ತು ಗ್ರಾಂ ಎಂದು ಬರೆದಿದೆ, ಅದಕ್ಕಿಂತ ಹೆಚ್ಚು ಹಾಕಿ ಪೂರ್ತಿ ಬಲದಿಂದ ಬೀಸಿದರೆ ರಾಡ್ ಇಲ್ಲವೇ ಗಂಟು ಎರಡರಲ್ಲೊಂದು ಹೋಗುತ್ತದೆ ಎಂದ. ಕಿಶೋರ ಕೇಳಲಿಲ್ಲ. ಗಡಿಬಿಡಿಯಲ್ಲಿ ಗಂಟಿಗೆ ಆರು ಸುತ್ತು ಹಾಕುವಲ್ಲಿ ನಾಲ್ಕೇ ಹಾಕಿದ. ಬೀಸಿದ. ರಾಡಿನ ತುದಿಯಲ್ಲಿ ಪಟ್ಟೆಂದು ಸದ್ದಾಯಿತು. ಸೀಸದ ಗುಂಡು ದಾರ ಬಿಟ್ಟು ಒಂಟಿಯಾಗಿ ಹೊಳೆ ದಾಟುವಷ್ಟು ದೂರ ಹೋಗಿ ಬಿತ್ತು. ದಾರ ಇಲ್ಲೇ ಗಾಳಿಯಲ್ಲಿ ತೇಲುತ್ತಿತ್ತು.

ಎರಡನೇ ತೂತು ಮುಳುಗಿತು. ಮೂರು ಐವತ್ತೇಳು. ಲಕ್ಕಪ್ಪ ಮೊಬೈಲನ್ನು ಕಿಶೋರನಿಗೆ ಕಾಣುವಂತೆ ಹಿಡಿದ.

"ಅದನ್ನ ಒಳಗ ಇಡು," ಎಂದ ಖಾದರಬಾಷಾ. "ಹುಡುಗಗ ಗಂಟ ಹಾಕಾಕ ಬಿಡು."

ಮೂರನೆಯದು ಚಮಚೆ ಎಂದು ಕರೆಯುವ ಲೋಹದ ಆಮಿಷ. ಇಪ್ಪತ್ತೆಂಟು ಗ್ರಾಂ, ಉದ್ದನೆಯ ಸ್ಟೀಲಿನ ತುಂಡು, ಬಾಲಕ್ಕೆ ಮೂರು ಮೊನೆಯ ಗಾಳ. ಗಾಳಿಯನ್ನು ಸೀಳಿಕೊಂಡು ಹೋಗುವಂಥದ್ದು. ಡಬ್ಬಿಯಲ್ಲಿ ಅಂಥದ್ದು ಒಂದೇ ಇತ್ತು. ಕಿಶೋರ ಇಕ್ಕಳದಿಂದ ಗಾಳವನ್ನು ಬಿಚ್ಚಿಟ್ಟ. ಅಲ್ಲಿ ನಿಂತಿದ್ದವನು ಬರಿಮೈಯಲ್ಲಿದ್ದ. ಮುಖಕ್ಕೋ ಕಣ್ಣಿಗೋ ಚುಚ್ಚಿ, ದಾರವನ್ನು ಹೊಳೆ ಎಳೆದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಈ ಸಲ ಗಂಟಿಗೆ ಆರು ಸುತ್ತು ಎಣಿಸಿ ಹಾಕಿದ, ಉಗುಳು ಹಚ್ಚಿ ಬಿಗಿದ. ಹತ್ತು ಹೆಜ್ಜೆ ಮೇಲಕ್ಕೆ ನಡೆದು, ಗಾಳಿ ತಗ್ಗುವವರೆಗೆ ಕಾದು ಬೀಸಿದ.

ಐದು ಬಣ್ಣ ಹೋಗಿ ಆರನೆಯದು ಅರ್ಧಕ್ಕೆ ನಿಂತಿತು. ಚಮಚೆ ಕಟ್ಟೆಯ ಮೇಲೆ ಬಿದ್ದದ್ದು ಎಲ್ಲರಿಗೂ ಕಂಡಿತು. ಕೇದಾರಿಗೂ ಕಂಡಿತು. ಅವನು ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದನ್ನು ಚಾಚಿದ. ಅಷ್ಟರಲ್ಲಿ ಹೊಳೆ ದಾರವನ್ನು ಬಿಲ್ಲಿನಂತೆ ಬಗ್ಗಿಸಿ ಎಳೆಯಿತು. ಚಮಚೆ ಒದ್ದೆ ಸಿಮೆಂಟಿನ ಮೇಲೆ ಜಾರಿ ನೀರಿಗೆ ಬಿತ್ತು. ಕೇದಾರಿಯ ಕೈಗೂ ಅದಕ್ಕೂ ಒಂದು ಮೊಳ ಉಳಿದಿತ್ತು.

ಕಿಶೋರ ರೀಲು ಸುತ್ತುತ್ತ ಗಾಳವಿಲ್ಲದೆ ಅದು ಅಲ್ಲಿ ನಿಲ್ಲುವುದಿಲ್ಲ ಎಂದ. ಖಾದರಬಾಷಾ ಒಪ್ಪಿದ. ಆದರೆ ಮೊನೆಗಳ ಹಿಂಭಾಗದ ಮುಳ್ಳನ್ನು ಒತ್ತಿಬಿಡೋಣ, ಮೈಗೆ ಚುಚ್ಚಿದರೂ ಬಿಡಿಸಿಕೊಳ್ಳಬಹುದು ಎಂದ. ಮುಳ್ಳು ಒತ್ತಿದರೆ ಎಲ್ಲಿಯೂ ಗಟ್ಟಿಯಾಗಿ ಹಿಡಿಯುವುದಿಲ್ಲ ಎಂದು ಕಿಶೋರ ವಾದಿಸಿದ. ಇಕ್ಕಳ ಇಬ್ಬರ ಕೈಯ ನಡುವೆ ನಿಂತಿತು.

ಉದ್ದವ್ವ ಸ್ಟಾರ್ಟರ್ ಡಬ್ಬಿಯ ಬಳಿಯಿಂದ ಹೊರಟಳು. ಹತ್ತಿರ ಬಂದು ಗಾಳವನ್ನು ನೋಡಿದಳು.

"ಯಾವುದು ಚಲೋ ಹಿಡೀತೈತಿ ತಮ್ಮಾ?"

"ಮುಳ್ಳ ಇದ್ದದ್ದು, ಅಕ್ಕಾ. ಆದ್ರ ಅವ್ರಿಗೆ ಬಡದ್ರ—"

"ಬಡದ್ರ ಬಡೀಲಿ. ಜೀವ ಇದ್ದಾಂವಗ ಗಾಯ ಮಾಯತೈತಿ. ಮುಳ್ಳ ಇರಲಿ."

ಖಾದರಬಾಷಾ ಇಕ್ಕಳ ಕೆಳಗಿಟ್ಟ.

ನಾಲ್ಕನೇ ಸಲ ಕಿಶೋರ ಬಂಡೆಗೆ ಗುರಿಯಿಡಲಿಲ್ಲ. ಬಂಡೆಯ ಆಚೆಗೆ, ಕೇದಾರಿಯ ಎಡಕ್ಕೆ ಎರಡು ಮಾರು ಬಿಟ್ಟು ಎಸೆದ. ಚಮಚೆ ದಾಟಿ ಹೋಗಿ ಬಿತ್ತು. ದಾರ ಕಟ್ಟೆಯ ಮೇಲೆ ಅಡ್ಡ ಬಿತ್ತು. ಅವನು ನಿಧಾನವಾಗಿ ಎಳೆದುಕೊಂಡ. ಚಮಚೆ ನೀರಿನಿಂದೆದ್ದು ಕಟ್ಟೆ ಹತ್ತಿ ಮೋಟರಿಗೆ ತಾಗಿ ನಿಂತಿತು. ಕಿಶೋರ ರಾಡನ್ನು ಒಮ್ಮೆ ಜಗ್ಗಿದ. ಗಾಳ ಗೋಣಿಚೀಲದೊಳಗೆ ಇಳಿದಿತ್ತು. ರಾಡ್ ಬಾಗಿತು, ಬಿಡಲಿಲ್ಲ.

ನಾಲ್ಕು ಗಂಟೆ ಆರು ನಿಮಿಷ. ದಂಡೆಯಲ್ಲಿ ಆಗ ಹದಿನೈದಿಪ್ಪತ್ತು ಜನ ಸೇರಿದ್ದರು. ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಲಕ್ಕಪ್ಪ ಅವನನ್ನು ಬೈದು ಸುಮ್ಮನಾಗಿಸಿದ.

ಈಗ ದಾರವನ್ನು ಈಚೆ ಕತ್ತರಿಸಿ ತಂಗೂಸಕ್ಕೆ ಕಟ್ಟಬೇಕಿತ್ತು. ಕಟ್ಟುವವರೆಗೆ ಯಾರಾದರೂ ಆ ತೆಳು ದಾರವನ್ನು ಹಿಡಿದಿರಬೇಕು. ಲಕ್ಕಪ್ಪ ಕೈ ಚಾಚಿದ. ಖಾದರಬಾಷಾ ಅವನ ಕೈಯನ್ನು ಪಕ್ಕಕ್ಕೆ ತಳ್ಳಿ, ಕಾಲಿನ ಚಪ್ಪಲಿ ತೆಗೆದು, ದಾರವನ್ನು ಅದಕ್ಕೆ ನಾಲ್ಕು ಸುತ್ತು ಸುತ್ತಿ ಹಿಡಿದ. ಗಂಟು ಹಾಕುವ ಕೆಲಸ ಕಿಶೋರನದು. ಮೂವತ್ತು ವರ್ಷ ದಾರ ಮಾರಿದ ಖಾದರಬಾಷಾನಿಗೆ ಈ ಒಂದು ಗಂಟು ಬರುತ್ತಿರಲಿಲ್ಲ. ಹೆಣೆದ ದಾರ ನುಣುಪು, ತಂಗೂಸದ ಮೇಲೆ ಸಾಮಾನ್ಯ ಗಂಟು ಜಾರಿ ಬಿಡುತ್ತದೆ. ಕಿಶೋರ ಒಂದು ದಿಕ್ಕಿಗೆ ಹತ್ತು ಸುತ್ತು, ತಿರುಗಿ ಹತ್ತು ಸುತ್ತು ಹಾಕತೊಡಗಿದ.

ಆರನೇ ಸುತ್ತಿನಲ್ಲಿದ್ದಾಗ ಉದ್ದವ್ವ ಕೂಗಿದಳು.

ಬಂಡೆಯ ಮೇಲೆ ಕೇದಾರಿ ಬಗ್ಗಿ ದಾರವನ್ನು ಎತ್ತಿಕೊಂಡಿದ್ದ. ಅವನಿಗೆ ತಿಳಿದದ್ದು ಹಗ್ಗ. ಹಗ್ಗ ಎಳೆಯುವಾಗ ಈ ಭಾಗದ ಯಾವ ರೈತನಾದರೂ ಮಾಡುವುದನ್ನೇ ಅವನೂ ಮಾಡಿದ. ಎಡಗೈಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಜಗ್ಗಿದ. ಎತ್ತಿನ ಹಗ್ಗ, ಮೋಟರಿನ ಹಗ್ಗ, ಬಾವಿಯ ಹಗ್ಗ, ಎಲ್ಲವನ್ನೂ ಎಳೆಯುವುದು ಹೀಗೆ. ಸುತ್ತದಿದ್ದರೆ ಜಾರುತ್ತದೆ.

ಅದೇ ಹೊತ್ತಿಗೆ ಬುಡಸಮೇತ ತೇಲಿ ಬಂದ ಕಬ್ಬಿನ ಗುಂಪೊಂದು ನಡುವೆ ದಾರಕ್ಕೆ ಸಿಕ್ಕಿತು. ದಾರ ತಂತಿಯಂತೆ ಬಿಗಿಯಿತು. ಕೇದಾರಿಯ ತೋಳು ಮುಂದಕ್ಕೆ ಚಾಚಿಕೊಂಡು ಹಾಗೆಯೇ ನಿಂತಿತು. ಅವನ ಬಾಯಿ ತೆರೆದದ್ದು ಕಂಡಿತು, ದನಿ ಕೇಳಲಿಲ್ಲ. ಅಂಗೈಯಿಂದ ಮೊಣಕೈಯವರೆಗೆ ಕೆಂಪು ಇಳಿಯಿತು. ಇನ್ನೊಂದು ಕೈ ಕಂಬ ಬಿಟ್ಟರೆ ಅವನು ಹೋಗುತ್ತಿದ್ದ. ಸುತ್ತು ಬಿಚ್ಚಬೇಕಾದರೆ ಆ ಕೈಯೇ ಬೇಕಿತ್ತು.

"ಸಡಲ ಬಿಡ್ರಿ ಕಾಕಾ," ಎಂದ ಕಿಶೋರ. ಅವನ ಬೆರಳ ನಡುವೆ ಗಂಟು ಅರ್ಧವಾಗಿತ್ತು.

ಸಡಿಲ ಬಿಟ್ಟರೆ ಹೊಳೆ ಎಷ್ಟು ಎಳೆದುಕೊಂಡು ಹೋಗುತ್ತದೋ ಹೇಳಲಾಗದು. ಬಿಡದಿದ್ದರೆ ಬೆರಳು ಉಳಿಯುವುದಿಲ್ಲ. ಖಾದರಬಾಷಾ ಚಪ್ಪಲಿಯನ್ನು ಮುಂದಕ್ಕೆ ಚಾಚಿ ನೀರಿಗೆ ಇಳಿದ. ಸೊಂಟದವರೆಗೆ ಇಳಿದ. ಲಕ್ಕಪ್ಪ ಹಿಂದಿನಿಂದ ಅವನ ಅಂಗಿ ಹಿಡಿದ. ದಾರ ಎರಡು ಮೀಟರ್ ಸಡಿಲಾಯಿತು. ಕಬ್ಬಿನ ಗುಂಪು ತಿರುಗಿ, ಒಮ್ಮೆ ಮುಳುಗಿ, ದಾರದ ಅಡಿಯಿಂದ ಜಾರಿ ಹೋಯಿತು. ಕೇದಾರಿ ಹಲ್ಲಿನಿಂದ ಸುತ್ತು ಬಿಡಿಸಿಕೊಂಡ.

ದಾರ ಇನ್ನೂ ಗೋಣಿಚೀಲದಲ್ಲಿತ್ತು. ಆದರೆ ಅವನು ಮತ್ತೆ ಅದನ್ನು ಮುಟ್ಟಲಿಲ್ಲ. ಎಡಗೈಯನ್ನು ಕಂಕುಳಲ್ಲಿ ಒತ್ತಿಕೊಂಡು, ಬಲಗೈಯಿಂದ ಕಂಬ ತಬ್ಬಿ, ದಂಡೆಯನ್ನೇ ನೋಡುತ್ತ ನಿಂತ. ನೀರು ಮೂರನೇ ತೂತಿಗಿಂತ ಮೂರು ಬೆರಳು ಕೆಳಗಿತ್ತು.

ಜನ ಕೂಗತೊಡಗಿದರು. ಸುತ್ತಬ್ಯಾಡ, ಎಳಿ, ಹಿಡಿ, ಬಿಡು. ಅಲ್ಲಿಗೆ ಒಂದೂ ಮುಟ್ಟುತ್ತಿರಲಿಲ್ಲ. ಕಿಶೋರ ಗಂಟಿನ ಉಳಿದ ಸುತ್ತುಗಳನ್ನು ಮುಗಿಸಿ ಬಿಗಿದು, ತಲೆಯೆತ್ತದೆ ಹೇಳಿದ: ಬರಿಗೈಯಲ್ಲಿ ಹಿಡಿಯಬಾರದು, ಯಾವುದಾದರೂ ಗಟ್ಟಿ ವಸ್ತುವಿಗೆ ಸುತ್ತಿ ಎಳೆಯಬೇಕು, ಕಟ್ಟಿಗೆಯೋ ಕಬ್ಬಿಣವೋ ಆದೀತು. ಅವರ ಹತ್ತಿರ ಏನಿದೆ?

ಉದ್ದವ್ವ ಯೋಚಿಸಿದ್ದು ಒಂದು ಕ್ಷಣ.

"ಪಾನಾ ಐತಿ," ಎಂದಳು. "ಸೊಂಟಕ್ಕ ಸಿಗಿಸ್ಕೊಂಡಾರ."

ಅವಳು ಹೋಗಿ ಸ್ಟಾರ್ಟರ್ ಡಬ್ಬಿಯ ಕಟ್ಟೆಯ ಮೇಲೆ ಹತ್ತಿ ನಿಂತಳು. ಹದಿನೆಂಟು ವರ್ಷ ಕೇದಾರಿ ಕತ್ತೆತ್ತಿ ನೋಡಿದ ಜಾಗ ಅದು. ಈಗಲೂ ನೋಡಿದ. ಅವಳು ಮುಷ್ಟಿ ಕಟ್ಟಿ ತಿರುವಿದಳು. ಪಾನಾ. ಅವನು ಅಲುಗಲಿಲ್ಲ. ಇದೇನು ಬೋಲ್ಟು ಬಿಗಿಮಾಡುವ ಹೊತ್ತೇ ಎಂದು ಅವನಿಗೆ ಅನ್ನಿಸಿರಬೇಕು. ಅವಳು ಮತ್ತೆ ತಿರುವಿದಳು. ಆಮೇಲೆ ಬಲಗೈಯನ್ನು ಎಡ ಮಣಿಕಟ್ಟಿನ ಸುತ್ತ ನಿಧಾನವಾಗಿ ತಿರುಗಿಸಿದಳು. ಸುತ್ತು. ಅವನು ತಲೆ ಅಡ್ಡಡ್ಡ ಆಡಿಸಿ ಗಾಯದ ಕೈ ಎತ್ತಿ ತೋರಿಸಿದ. ಸುತ್ತಿದ್ದರಿಂದಲೇ ಹೀಗಾಯಿತು ಎನ್ನುವಂತೆ.

ಅವಳು ಎರಡೂ ಕೈ ಅಡ್ಡ ಹಿಡಿದಳು. ಬಂದ್. ಎಡ ಅಂಗೈಯನ್ನು ಚಾಚಿ ಅದರ ಮೇಲೆ ಮತ್ತೆ ಅಡ್ಡ ಹಿಡಿದಳು. ಕೈಗೆ ಬೇಡ. ಆಮೇಲೆ ಮುಷ್ಟಿ, ಅದರ ಬೆನ್ನಿಗೇ ಸುತ್ತು. ಮುಷ್ಟಿ, ಸುತ್ತು. ಮೂರು ಸಲ ಮಾಡಿದಳು, ಗಡಿಬಿಡಿ ಮಾಡದೆ, ದಿನದ ಕೆಲಸದ ಹಾಗೆ.

ಕೇದಾರಿ ಸೊಂಟದಿಂದ ಪಾನಾ ತೆಗೆದ. ಒಂದೂವರೆ ಗೇಣಿನ ಕಬ್ಬಿಣದ ಪಾನಾ. ಕಂಬವನ್ನು ಮೊಣಕೈಯ ಸಂದಿಯಲ್ಲಿ ಸಿಗಿಸಿಕೊಂಡು ಬಗ್ಗಿದ. ದಾರವನ್ನು ಪಾನಾದ ನಡುವಿಗೆ ಸುತ್ತಿದ. ಒಂದು, ಎರಡು, ಮೂರು. ಆಮೇಲೆ ಪಾನಾದ ಎರಡೂ ತುದಿ ಹಿಡಿದು, ಗಾಳಿಪಟದ ದಾರ ಸುತ್ತುವಂತೆ ತಿರುವತೊಡಗಿದ.

ದಂಡೆಯಲ್ಲಿ ಖಾದರಬಾಷಾ ಚಪ್ಪಲಿಯಿಂದ ದಾರ ಬಿಟ್ಟ. ಗಂಟು ಅವನ ಬೆರಳ ನಡುವಿನಿಂದ ಹಾದು ನೀರಿಗಿಳಿಯಿತು. ಕಿಶೋರ ಅದನ್ನು ಕಣ್ಣಿನಿಂದ ಹಿಂಬಾಲಿಸಲು ನೋಡಿದ, ಕಾಣಲಿಲ್ಲ. ಮುಂದಿನ ಐದು ನಿಮಿಷ ಅವನು ಮಾಡುವುದೇನೂ ಉಳಿದಿರಲಿಲ್ಲ. ಆರನೇ ಸುತ್ತಿನಲ್ಲಿ ಕೈ ನಿಲ್ಲಿಸಿದ್ದ, ಎಣಿಕೆ ತಪ್ಪಿತೇ ಎಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸುತ್ತಿದ್ದ. ಖಾದರಬಾಷಾ ಹಲಗೆಯಿಂದ ತಂಗೂಸ ಬಿಡುತ್ತ ಹೋದ.

"ಗಂಟ ತಡೀತೈತೇನೋ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಗೊತ್ತಿಲ್ರಿ ಕಾಕಾ."

ನಾಲ್ಕು ಹದಿನೇಳಕ್ಕೆ ಮೂರನೇ ತೂತು ಮುಳುಗಿತು. ಲಕ್ಕಪ್ಪ ಲೆಕ್ಕ ಹೇಳಿದ್ದಂತೆ ನೀರು ತೊಡೆಗೆ ಬಂತು. ಕೇದಾರಿಯ ಒಂದು ಕಾಲು ಬಂಡೆಯಿಂದ ಜಾರಿತು. ಅವನು ಕಂಬಕ್ಕೆ ತೋಳು ಸಿಗಿಸಿ ಮತ್ತೆ ಮೇಲೆ ಬಂದ. ಪಾನಾ ಬಿಡಲಿಲ್ಲ. ಹತ್ತೊಂಬತ್ತಕ್ಕೆ ಅವನು ಕೈ ಮೇಲೆತ್ತಿದ. ದಪ್ಪ ತಂಗೂಸ ಅವನ ಕೈಗೆ ಸಿಕ್ಕಿತ್ತು.

ಅದರ ಈಚೆಯ ತುದಿಗೆ ಲಕ್ಕಪ್ಪ ಆಗಲೇ ಹಗ್ಗ ಕಟ್ಟಿದ್ದ. ಹಗ್ಗದ ಆ ತುದಿಗೆ ಟ್ಯೂಬು, ಟ್ಯೂಬಿಗೆ ಸೊಂಟಕ್ಕೆ ಹಾಕಿಕೊಳ್ಳಲು ಒಂದು ಕುಣಿಕೆ. ಜನರನ್ನು ದಂಡೆಯ ಕೆಳಭಾಗಕ್ಕೆ ಸಾಲಾಗಿ ನಿಲ್ಲಿಸಿದ್ದ. ಟ್ಯೂಬು ನೀರಿಗಿಳಿದ ಕೂಡಲೇ ಸೆಳೆತ ಅದನ್ನು ಕೆಳಕ್ಕೆ ಒಯ್ದಿತು. ಕೇದಾರಿ ಅಲ್ಲಿಂದ ಸುತ್ತಿದ. ಸುತ್ತಿದ ತಂಗೂಸ ಪಾನಾದ ಮೇಲೆ ಹಿಡಿಯಲಾರದಷ್ಟು ದಪ್ಪವಾದಾಗ, ಅದನ್ನು ಪಾನಾಸಮೇತ ಕಂಬದ ನಾಲ್ಕನೇ ತೂತಿಗೆ ಸಿಗಿಸಿ ಉಳಿದದ್ದನ್ನು ಕೈಯಲ್ಲೇ ಜಗ್ಗಿದ. ತಂಗೂಸ ಕೈ ಕೊಯ್ಯುವುದಿಲ್ಲ. ಎಡಗೈ ಹಿಡಿಯುತ್ತಿರಲಿಲ್ಲ. ಬಲಗೈಯಿಂದ ಎಳೆದು, ಹಲ್ಲಿನಲ್ಲಿ ಕಚ್ಚಿ, ಮತ್ತೆ ಎಳೆದ.

ನಾಲ್ಕು ಇಪ್ಪತ್ತೊಂಬತ್ತಕ್ಕೆ ಟ್ಯೂಬು ಕಂಬಕ್ಕೆ ತಾಗಿತು. ಅವನು ಕುಣಿಕೆಯನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಹಾಕಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಕಂಬ ಬಿಡದೆ ನಿಂತ. ಉದ್ದವ್ವ ಕಟ್ಟೆಯ ಮೇಲಿಂದ ಒಂದು ಕೈ ಮೇಲೆತ್ತಿದಳು. ಚಾಲೂ ಮಾಡು.

ಕೇದಾರಿ ಕಂಬ ಬಿಟ್ಟ.

ಹೊಳೆ ಅವನನ್ನು ಕೆಳಕ್ಕೆ ಒಯ್ದಿತು. ಹಗ್ಗ ಬಿಗಿಯಿತು. ಹನ್ನೆರಡು ಜನ ಹಿಡಿದಿದ್ದರು. ಅವನು ಮುಳುಗಿ ಎದ್ದು, ದೊಡ್ಡ ಅರ್ಧಚಂದ್ರದಂತೆ ಸುತ್ತಿ ಬಂದು, ಬಂಡೆಗಳ ಸಾಲಿಗಿಂತ ನೂರಿಪ್ಪತ್ತು ಮೀಟರ್ ಮೇಲೆ ಲಕ್ಕಪ್ಪನ ಕಬ್ಬಿನ ಬದುವಿಗೆ ಬಡಿದ. ನಾಲ್ಕು ಮೂವತ್ತಮೂರು. ಮೇಲೆ ಎಳೆದುಕೊಂಡಾಗ ಅವನು ಮೊದಲು ಕೇಳಿದ್ದು ಆ ದಾರ ಯಾರದೆಂದು. ಕಿಶೋರ ತನ್ನದೆಂದ.

"ಮೀನ ಏನ ಪಾಪ ಮಾಡ್ಯಾವೋ ಮಾರಾಯಾ," ಎಂದ ಕೇದಾರಿ. ಕೈಯನ್ನು ಇನ್ನೂ ಕಂಕುಳಿಂದ ತೆಗೆದಿರಲಿಲ್ಲ.

ಖಾದರಬಾಷಾ ಬದುವಿನ ಮೇಲೆ ಒಂದೇ ಚಪ್ಪಲಿಯಲ್ಲಿ ಕುಳಿತಿದ್ದ. ಹಳ್ಳದ ಬಾಯಲ್ಲಿ ಬಿಟ್ಟು ಬಂದ ಮೂರು ಮೀನುಗಳನ್ನು ನಾಯಿಗಳು ಒಯ್ದಿದ್ದವು.

ಬೋಟ್ ಬಂದದ್ದು ಐದು ಗಂಟೆ ಎಂಟು ನಿಮಿಷಕ್ಕೆ. ಆಗ ಕಂಬ ಕಾಣುತ್ತಿರಲಿಲ್ಲ. ಬೋಟ್ ತಂದ ಗಾಡಿಯಲ್ಲೇ ಕೇದಾರಿಯನ್ನು ಗೋಕಾಕದ ಆಸ್ಪತ್ರೆಗೆ ಒಯ್ದರು. ಅಂಗೈಗೆ ಹನ್ನೊಂದು ಹೊಲಿಗೆ ಬಿದ್ದವು. ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ನೀರು ಇಳಿಯಲು ಹತ್ತು ದಿನ ಬೇಕಾಯಿತು. ಹನ್ನೊಂದನೇ ದಿನ ಬೆಳಗ್ಗೆ ಕೇದಾರಿ ಮತ್ತು ಲಕ್ಕಪ್ಪ ಹೊಳೆಗೆ ಇಳಿದು ನೋಡಿದರು. ಕಂಬ ಎರಡನೇ ತೂತಿನ ಬಳಿ ಬಾಗಿತ್ತು. ಪಾನಾ ಇರಲಿಲ್ಲ. ಮೋಟರ್ ಇದ್ದಲ್ಲೇ ಇತ್ತು. ತುಕ್ಕು ಹಿಡಿದ ಆ ಎರಡು ಬೋಲ್ಟುಗಳನ್ನು ಬಿಚ್ಚಲಾಗದೆ ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿದರು.